ಹೊಸ್ತಿಲು ದಾಟಿದ ಕೆಂಡ

ಆ ಊರು ಎಲ್ಲಿದೆ ಅಂತ ನನ್ನನ್ನು ಕೇಳಬೇಡಿ. ಅಲ್ಲಿಂದ ಬಂದವರಿಗೆ ದಾರಿ ನೆನಪಿರುವುದಿಲ್ಲ, ಅಲ್ಲಿಗೆ ಹೋದವರಿಗೆ ತಾವು ಯಾಕೆ ಬಂದೆವು ಅನ್ನುವುದೇ ನೆನಪಿರುವುದಿಲ್ಲ. ಊರ ನಡುವೆ ಒಂದು ಇಗರ್ಜಿ. ಇಗರ್ಜಿಗೆ ಒಂದೇ ಬಾಗಿಲು. ಬಾಗಿಲಿಗೆ ಸವೆದ ಕಲ್ಲಿನ ಹೊಸ್ತಿಲು. ಹೊಸ್ತಿಲ ಒಳಗಡೆ, ಬಾಗಿಲ ಪಕ್ಕದಲ್ಲಿ, ಒಬ್ಬ ಮುದುಕಿ ಕೂತಿರುತ್ತಿದ್ದಳು. ಊರವರು ಅವಳನ್ನು ಕದದವ್ವ ಅನ್ನುತ್ತಿದ್ದರು. ಕೆಂಡ ಹೊಸ್ತಿಲು ದಾಟದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ.

ಯಾವ ಕೆಂಡ ಅಂತೀರಾ? ಹೇಳುತ್ತೇನೆ. ಇಗರ್ಜಿಯ ಉತ್ತರದ ಗೋಡೆಯ ತುಂಬ ಸಣ್ಣ ಸಣ್ಣ ಗೂಡುಗಳು. ಗೂಡಿಗೊಂದು ಮಣ್ಣಿನ ಕುಡಿಕೆ, ಕುಡಿಕೆಯಲ್ಲಿ ಬೂದಿ, ಬೂದಿಯ ಅಡಿಯಲ್ಲಿ ಒಂದು ಕೆಂಡ. ಊರಲ್ಲಿ ತಲೆಗೊಂದು ಕುಡಿಕೆ. ಭಾನುವಾರ ಗಂಟೆ ಬಾರಿಸಿದ ಕೂಡಲೇ ಜನ ಬಂದು ಚಪ್ಪಲಿ ಹೊರಗೆ ಬಿಟ್ಟು, ತಂತಮ್ಮ ಕುಡಿಕೆ ಇಳಿಸಿಕೊಂಡು, ಬೂದಿ ಸರಿಸಿ ಊದುತ್ತಿದ್ದರು. ಕೆಂಡ ಕೆಂಪಗಾಗುತ್ತಿತ್ತು. ಆ ಕೆಂಪು ಮುಖಕ್ಕೆ ತಾಗಿದ್ದೇ ತಡ, ಗಂಡ ಹೆಂಡತಿಯನ್ನು ನೋಡಿ 'ನೀನಾ' ಅನ್ನುತ್ತಿದ್ದ. ತಾಯಿ ಮಕ್ಕಳನ್ನು ಹತ್ತಿರ ಎಳೆದುಕೊಳ್ಳುತ್ತಿದ್ದಳು. ಜಗಳವಾಡಿದವರು ಕ್ಷಮೆ ಕೇಳುತ್ತಿದ್ದರು. ಶಿಲುಬೆಯ ಮೇಲಿನ ಯೇಸುಸ್ವಾಮಿಯ ಮುಂದೆ ಮೊಣಕಾಲೂರಿ ಹಾಡುತ್ತಿದ್ದರು, ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಂಡು ತಿನ್ನುತ್ತಿದ್ದರು, ಕಣ್ಣು ತುಂಬಿಕೊಳ್ಳುತ್ತಿದ್ದರು. ನೋಡಿದವರು ಇಂಥ ಒಳ್ಳೆ ಜನ ಲೋಕದಲ್ಲೇ ಇಲ್ಲ ಅನ್ನಬೇಕು.

ಪೂಜೆ ಮುಗಿಯಿತೋ, ಕೆಂಡದ ಮೇಲೆ ಮತ್ತೆ ಬೂದಿ ಮುಚ್ಚಿ, ಕುಡಿಕೆ ಗೂಡಿಗಿಟ್ಟು, ಒಬ್ಬೊಬ್ಬರಾಗಿ ಹೊಸ್ತಿಲು ದಾಟುತ್ತಿದ್ದರು. ದಾಟುವಾಗ ಕದದವ್ವ ಪ್ರತಿಯೊಬ್ಬರ ಕೈ ನೋಡುತ್ತಿದ್ದಳು, ಸೆರಗು ಕೊಡವಿಸುತ್ತಿದ್ದಳು. 'ಕೆಂಡ ಹೊಸ್ತಿಲು ದಾಟಬಾರದು' ಅನ್ನುತ್ತಿದ್ದಳು. 'ದಾಟಬಾರದು' ಅಂತ ಅವರೂ ಅನ್ನುತ್ತಿದ್ದರು. ಆಚೆ ಕಾಲಿಟ್ಟ ಕ್ಷಣವೇ ಅವರ ಮುಖದಿಂದ ಏನೋ ಒಂದು ಇಳಿದುಹೋಗುತ್ತಿತ್ತು. ಈಗಷ್ಟೇ ಕೈ ಹಿಡಿದುಕೊಂಡಿದ್ದ ಗಂಡ ಹೆಂಡತಿ ಕೈ ಬಿಟ್ಟು, ಬೇರೆ ಬೇರೆ ಚಪ್ಪಲಿ ಹುಡುಕಿಕೊಂಡು, ಒಂದೇ ಮನೆಗೆ ಹೋಗುತ್ತಿದ್ದರು. ಒಬ್ಬರಿಗೊಬ್ಬರು ಯಾರು ಅನ್ನುವುದು ಆಮೇಲೆ ಇಬ್ಬರಿಗೂ ಗೊತ್ತಿರುತ್ತಿರಲಿಲ್ಲ.

ವಾರವಿಡೀ ಊರು ಹಾಗೇ. ನಡುಮಧ್ಯಾಹ್ನವೂ ಬೂದಿ ಬಣ್ಣದ ಬೆಳಕು. ಯಾವ ಮನೆಯಲ್ಲೂ ಒಲೆ ಉರಿಯುತ್ತಿರಲಿಲ್ಲ, ತಣ್ಣೀರಲ್ಲಿ ಹಿಟ್ಟು ಕಲಸಿಕೊಂಡು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಅಂಗಡಿಯವನು ಅಳೆಯುತ್ತಿದ್ದ, ಕೊಳ್ಳುವವನು ಕೊಳ್ಳುತ್ತಿದ್ದ, ಮಾತಿಲ್ಲ. ಬೀದಿಯಲ್ಲಿ ಯಾರಾದರೂ ಎಡವಿ ಬಿದ್ದರೆ ಸುತ್ತು ಬಳಸಿ ಹೋಗುತ್ತಿದ್ದರು. ಕೆಟ್ಟವರು ಅಂತ ತಿಳಿಯಬೇಡಿ. ಬಿದ್ದದ್ದು ಮನುಷ್ಯ ಅನ್ನುವುದೇ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಈ ಕಟ್ಟಳೆ ಮಾಡಿದವರು ಹಿರಿಯರು. ಒಂದಾನೊಂದು ಕಾಲದಲ್ಲಿ ಮಹಾಗಾಳಿ ಬೀಸಿತಂತೆ. ಮನೆಮನೆಯ ಬೆಂಕಿಯೂ ಆರಿಹೋಗುತ್ತದೆ ಅಂತ ಹೆದರಿ, ಇದ್ದಬದ್ದ ಕೆಂಡವನ್ನೆಲ್ಲ ಇಗರ್ಜಿಯೊಳಗೆ ತಂದು ಬೂದಿ ಮುಚ್ಚಿಟ್ಟರಂತೆ. ಗಾಳಿ ನಿಂತ ಮೇಲೆ ಒಯ್ಯೋಣ ಅಂದುಕೊಂಡಿದ್ದರಂತೆ. ಆ ಮಹಾಗಾಳಿ ಯಾವತ್ತೋ ನಿಂತಿತು. ಕೆಂಡ ಅಲ್ಲೇ ಉಳಿಯಿತು. ನಿಂತಿದೆಯಾ ಅಂತ ಕೆಂಡ ಹಿಡಿದು ಹೊರಗೆ ಬಂದು ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

ಇಗರ್ಜಿಯೊಳಗೇ ವಾಸವಾಗಿದ್ದವರು ಇಬ್ಬರು. ಒಬ್ಬರು ಪಾದ್ರಿ ಸ್ವಾಮಿಗಳು. ಅವರು ಹೊರಗೆ ಕಾಲಿಟ್ಟು ಎಷ್ಟು ಕಾಲವಾಗಿತ್ತೋ, ಅವರ ಹತ್ತಿರ ಚಪ್ಪಲಿಯೇ ಇರಲಿಲ್ಲ. ಇನ್ನೊಬ್ಬಳು ಕದದವ್ವ. ತನ್ನ ಕೆಂಡದ ಹತ್ತಿರವೇ ಇರುತ್ತಿದ್ದುದರಿಂದ ಅವಳಿಗೆ ವಾರವೆಲ್ಲ ಎಲ್ಲರ ನೆನಪಿತ್ತು. ಅದೇ ಅವಳ ಕರ್ಮ. ಎದುರು ಸಾಲಿನ ಕೊನೆಯ ಮನೆಯಲ್ಲಿ ಅವಳ ಮಗಳಿದ್ದಳು. ದಿನಾ ನೀರಿಗೆ ಹೋಗುವಾಗ ಇಗರ್ಜಿಯ ಮುಂದೆಯೇ ಹಾಯುತ್ತಿದ್ದಳು, ತಾಯಿಯ ಮುಖ ನೋಡುತ್ತಿದ್ದಳು, ಕಲ್ಲನ್ನು ನೋಡಿದ ಹಾಗೆ ನೋಡಿ ಮುಂದೆ ಹೋಗುತ್ತಿದ್ದಳು. ಕದದವ್ವ ಬಾಗಿಲ ಸಂದಿಯಿಂದ ಅವಳ ಬೆನ್ನನ್ನೇ ನೋಡುತ್ತ ಕೂರುತ್ತಿದ್ದಳು. ಭಾನುವಾರ ಬರಲಿ ಅಂದುಕೊಳ್ಳುತ್ತಿದ್ದಳು.

ಅವಳಿಗೆ ಇನ್ನೊಂದು ಕೆಲಸವಿತ್ತು, ಅದನ್ನು ಯಾರೂ ಹೇಳಿರಲಿಲ್ಲ. ಶಿಲುಬೆಯ ಮೇಲಿನ ಯೇಸುಸ್ವಾಮಿಯ ವಿಗ್ರಹ ಮರದ್ದು, ಆಳೆತ್ತರದ್ದು. ದಿನಾ ಬೆಳಿಗ್ಗೆ ಆ ಮರದ ಪಾದಗಳಿಗೆ ಕೆಂಪು ಧೂಳು ಮೆತ್ತಿಕೊಂಡಿರುತ್ತಿತ್ತು. ಬೀದಿಯ ಧೂಳು. ಒಳಗಿನ ನೆಲವೆಲ್ಲ ಕಲ್ಲುಹಾಸು, ಅಲ್ಲಿ ಧೂಳೆಲ್ಲಿಂದ ಬರಬೇಕು? ಕದದವ್ವ ಒದ್ದೆ ಬಟ್ಟೆ ತಂದು ಎರಡೂ ಪಾದ ಒರೆಸುತ್ತಿದ್ದಳು. ಬಟ್ಟೆಯ ತುದಿಯನ್ನು ಹೊಸೆದು ಮೊಳೆಯ ತೂತಿನ ಸುತ್ತಲೂ ಒರೆಸುತ್ತಿದ್ದಳು. ಮರುದಿನ ಮತ್ತೆ ಧೂಳು. ಅವಳು ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಕೆಲವು ಸಂಗತಿ ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ, ಆ ಭಯ.

ಆ ಊರಲ್ಲಿ ಬಸುರಿಯರೆಲ್ಲ ಬೇಡಿಕೊಳ್ಳುತ್ತಿದ್ದುದು ಒಂದೇ, ಹೆರಿಗೆ ಭಾನುವಾರ ಆಗಲಿ ಅಂತ. ವಾರದ ದಿನ ಹುಟ್ಟಿದ ಮಗು ಅಳುತ್ತಿರಲಿಲ್ಲ. ತಾಯಿಗೂ ಅದನ್ನು ಎತ್ತಿಕೊಳ್ಳಬೇಕು ಅನ್ನಿಸುತ್ತಿರಲಿಲ್ಲ. ತಣ್ಣಗೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದ ಮಗು ಭಾನುವಾರದವರೆಗೆ ಉಳಿಯುತ್ತಿರಲಿಲ್ಲ. ಇಗರ್ಜಿಯ ಹಿಂದೆ ಸಣ್ಣ ಸಣ್ಣ ಮಣ್ಣಿನ ದಿಬ್ಬಗಳ ಸಾಲೇ ಇತ್ತು. ಅದರಲ್ಲಿ ಒಂದು ಕದದವ್ವನ ಮೊಮ್ಮಗುವಿನದು.

ಆ ಸಲ ನಡೆದದ್ದನ್ನೂ ಹೇಳಿಬಿಡಬೇಕು. ಅವಳ ಅಳಿಯ ನೇಕಾರ. ಹೆಂಡತಿಗೆ ದಿನ ತುಂಬಿದೆ, ಹೆರಿಗೆ ವಾರದ ನಡುವೆ ಆಗಬಹುದು ಅಂತ ಹೆದರಿದವನು, ಭಾನುವಾರ ಹೊರಗೆ ಹೋಗುವಾಗ ಕೆಂಡವನ್ನು ಬಾಯಲ್ಲಿ ಇಟ್ಟುಕೊಂಡ. ಕೈ ತೋರಿಸಿದ, ಅಂಗಿ ಕೊಡವಿದ. 'ಕೆಂಡ ಹೊಸ್ತಿಲು ದಾಟಬಾರದು' ಅಂದಳು ಅತ್ತೆ. 'ದಾಟಬಾರದು' ಅನ್ನುವುದಕ್ಕೆ ಅವನ ಬಾಯಿ ಬರಲಿಲ್ಲ. ಕದದವ್ವ ಅವನ ದವಡೆ ಹಿಡಿದು ಉಗುಳಿಸಿದಳು. ಕೆಂಡ ಬೂದಿಗೆ ಹೋಯಿತು, ಮಗು ಮಣ್ಣಿಗೆ ಹೋಯಿತು. ಅವನ ನಾಲಿಗೆ ಸುಟ್ಟು ಅಲ್ಲೊಂದು ಗಾಯ ಉಳಿಯಿತು, ಮಾತು ತೊದಲಾಯಿತು. ಆದರೆ ಆ ಗಾಯದ ಉರಿ ಇದ್ದುದರಿಂದ ವಾರದ ದಿನವೂ ಅವನಿಗೆ ಹೆಂಡತಿಯ ಗುರುತು ಇರುತ್ತಿತ್ತು. ಅವಳಿಗೆ ಅವನ ಗುರುತು ಇರುತ್ತಿರಲಿಲ್ಲ. ಅಂಥ ಸಂಸಾರ.

ಮಗಳು ಎರಡನೇ ಸಲ ಬಸುರಿಯಾದಳು. ಹೋದ ಭಾನುವಾರ ಕೆಂಡದ ಬೆಳಕಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

"ಅವ್ವಾ, ಈ ಸಲ ಭಾನುವಾರವೇ ಆಗ್ತದೆ ಅಲ್ಲವಾ?" ಅಂತ ಕೇಳಿದ್ದಳು.

"ಆಗ್ತದೆ ಕಣವ್ವ," ಅಂದಿದ್ದಳು ಕದದವ್ವ. ಇನ್ನೇನು ಅನ್ನಬೇಕಿತ್ತು?

ಬುಧವಾರ ಮಧ್ಯಾಹ್ನ ಹೊಸ್ತಿಲ ಆಚೆ ಯಾರೋ ನಿಂತ ಹಾಗಾಯಿತು. ವಾರದ ದಿನ ಅಲ್ಲಿ ಯಾರೂ ನಿಲ್ಲುವವರಲ್ಲ. ನೋಡಿದರೆ ನೇಕಾರ.

"ಅತ್ತೇ," ಅಂದ. ಬುಧವಾರದ ದಿನ ಒಬ್ಬ ಮನುಷ್ಯ ಇನ್ನೊಬ್ಬರನ್ನು ಸಂಬಂಧ ಹಿಡಿದು ಕರೆದದ್ದು ಆ ಊರಲ್ಲಿ ಯಾರೂ ಕೇಳಿರಲಿಲ್ಲ. "ಅತ್ತೇ, ನೋವು ಶುರುವಾಗಿದೆ. ಗೋಡೆ ಕಡೆ ತಿರುಗಿ ಮಲಗವಳೆ. ಕೈ ಹಿಡಿಯೋಕೆ ಹೋದರೆ ಕಿತ್ತುಕೊಳ್ತಾಳೆ, ಯಾರು ನೀನು ಅಂತಾಳೆ. ನೀವು ಬನ್ನಿ." ಅಷ್ಟು ಹೇಳಿ, ಉತ್ತರಕ್ಕೆ ಕಾಯದೆ ಮನೆ ಕಡೆ ಓಡಿದ.

ಕದದವ್ವ ದಡಬಡ ಎದ್ದಳು. ಆದರೂ ಅವಳು ಕಟ್ಟಳೆಯವಳು, ಕೆಂಡ ಮುಟ್ಟಲಿಲ್ಲ. ಬರಿಗೈಯಲ್ಲೇ ಹೋಗಿ ಮಗಳ ಹತ್ತಿರ ಕೂತರಾಯಿತು ಅಂದುಕೊಂಡಳು. ಹೊಸ್ತಿಲು ದಾಟಿದಳು. ಬೀದಿಯ ನಡುವೆ ಬರುವಷ್ಟರಲ್ಲಿ ಮನಸ್ಸಿನಿಂದ ಏನೋ ಜಾರಿತು. ಬಾವಿಯ ಹತ್ತಿರ ನಿಂತಳು. ತಾನು ಯಾಕೆ ಬಂದೆ? ಮುಂದೆ ಸಾಲು ಮನೆಗಳು, ಯಾರದೋ. ಒಂದು ಮನೆಯಿಂದ ನರಳುವ ಸದ್ದು ಬರುತ್ತಿತ್ತು, ಗಾಣದ ಸದ್ದಿರಬೇಕು ಅಂದುಕೊಂಡಳು. ಸ್ವಲ್ಪ ಹೊತ್ತು ನಿಂತು, ಹಿಂದಿರುಗಿ ಬಂದು ಹೊಸ್ತಿಲ ಒಳಗೆ ಕಾಲಿಟ್ಟಳು. ಇಟ್ಟದ್ದೇ ಎಲ್ಲ ನೆನಪಾಯಿತು. ಎದೆ ಎದೆ ಬಡಿದುಕೊಂಡಳು.

ಎರಡನೇ ಸಲ ಜಾಣತನ ಮಾಡಿದಳು. ಮರೆಯಬಾರದು ಅಂತ ಸೆರಗಿಗೆ ಒಂದು ಗಂಟು ಹಾಕಿಕೊಂಡಳು. ಬಾಯಲ್ಲಿ 'ಮಗಳು, ಮಗಳು' ಅನ್ನುತ್ತ ಹೊರಟಳು. ಬಾವಿಯ ಹತ್ತಿರ ಬಂದಾಗ ಬಾಯಲ್ಲಿ ಆ ಸದ್ದು ಮಾತ್ರ ಉಳಿದಿತ್ತು, ಅದಕ್ಕೆ ಅರ್ಥವಿರಲಿಲ್ಲ. ಸೆರಗು ನೋಡಿಕೊಂಡಳು, ಗಂಟು ಕಂಡಿತು. ಒಳ್ಳೇ ಸೀರೆಗೆ ಯಾರು ಗಂಟು ಹಾಕಿದರಪ್ಪಾ ಅಂತ ಗೊಣಗಿಕೊಂಡು, ಬಿಚ್ಚಿ, ಸುಕ್ಕು ನೀವಿ ಸರಿಮಾಡಿ, ಹಿಂದಿರುಗಿ ಬಂದಳು. ಹೊಸ್ತಿಲ ಒಳಗೆ ಬಂದವಳು ಬಿಚ್ಚಿದ ಸೆರಗು ನೋಡಿ ಕುಸಿದು ಕೂತಳು. ಅತ್ತಳು, ಮುಚ್ಚಿಡುವುದೇನು.

ಅಳುತ್ತ ತಲೆಯೆತ್ತಿದಾಗ ಎದುರಿಗೆ ಯೇಸುಸ್ವಾಮಿಯ ಪಾದಗಳು ಕಂಡವು. ಬೆಳಿಗ್ಗೆ ತಾನೇ ಒರೆಸಿದ್ದಳು. ಈಗ ಮತ್ತೆ ಕೆಂಪಗಿದ್ದವು. ಧೂಳು ಹಸಿಯಾಗಿತ್ತು, ಬಾವಿಯ ಹತ್ತಿರದ ಕೆಸರು. ಕದದವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಹತ್ತಿರ ಹೋದಳು.

"ನನ್ನನ್ನು ಇಲ್ಲಿ ಕಾಯೋಕೆ ಕೂರಿಸಿ, ನೀನು ದಿನಾ ದಾಟಿಕೊಂಡು ಹೋಗ್ತಿದ್ದೀಯಾ?" ಅಂದಳು. ಸಿಟ್ಟಿಂದಲೇ ಅಂದಳು. ಅವಳು ಉತ್ತರದ ಗೋಡೆಯ ಕಡೆ ಹೋಗಿ ತನ್ನ ಕುಡಿಕೆಯನ್ನು ಇಳಿಸಿಕೊಂಡಳು. ಮಗಳ ಕುಡಿಕೆ ಪಕ್ಕದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಆರುವುದಿದ್ದರೆ ನನ್ನದೇ ಆರಲಿ ಅಂದುಕೊಂಡಳು.

ಹೊಸ್ತಿಲ ಹತ್ತಿರ ಬರುವಷ್ಟರಲ್ಲಿ ಪಾದ್ರಿ ಸ್ವಾಮಿಗಳು ತಮ್ಮ ಕೋಣೆಯಿಂದ ಹೊರಗೆ ಬಂದಿದ್ದರು. ಗಟ್ಟಿಯಾಗಿ ಮಾತಾಡುವವರಲ್ಲ, ಮೆತ್ತಗಿನ ಮನುಷ್ಯ.

"ಕದದವ್ವ, ಅದೇನು ಕೈಯಲ್ಲಿ?"

"ಕೆಂಡ, ಸ್ವಾಮಿ."

"ಕೆಂಡ ಹೊಸ್ತಿಲು ದಾಟಬಾರದು."

"ನನ್ನ ಮಗಳಿಗೆ ನೋವು ಶುರುವಾಗಿದೆ, ಸ್ವಾಮಿ."

"ಗೊತ್ತು ಕಣಮ್ಮ. ಪ್ರಾರ್ಥನೆ ಮಾಡ್ತೀನಿ. ಆದರೆ ಹೊರಗೆ ಗಾಳಿ ಇದೆ. ಅದು ಆರಿದರೆ ನಿನಗೆ ಇನ್ನೊಂದಿಲ್ಲ. ಇನ್ನು ಮೇಲೆ ಯಾವ ಭಾನುವಾರವೂ ನಿನಗೆ ನಿನ್ನ ಮಗಳ ಮುಖ ಗುರುತು ಸಿಗಲ್ಲ. ಯೋಚನೆ ಮಾಡು." ಸ್ವಲ್ಪ ತಡೆದು ಹೇಳಿದರು, "ಕೆಂಡ ಹಿಡಿದು ದಾಟಿದೆ ಅಂದರೆ ಈ ಬಾಗಿಲು ನಿನಗೆ ತೆರೆಯೋದಿಲ್ಲ. ನಾನು ಮಾಡಿದ ಕಟ್ಟಳೆ ಅಲ್ಲ ಇದು."

"ನಾನು ಮಾಡಿದ್ದೂ ಅಲ್ಲ, ಸ್ವಾಮಿ. ಆದರೆ ಇಷ್ಟು ದಿನ ಕಾದವಳು ನಾನೇ," ಅಂದಳು ಕದದವ್ವ. ಕುಡಿಕೆಯನ್ನು ಎದೆಗೆ ಅವುಚಿಕೊಂಡು ದಾಟಿದಳು. ಹಿಂದೆ ಬಾಗಿಲು ಮುಚ್ಚಿತು.

ಗಾಳಿ ಇತ್ತು. ಮೊದಲ ಬೀಸಿಗೇ ಕುಡಿಕೆಗೆ ಮುಚ್ಚಿಕೊಂಡಿದ್ದ ಬಟ್ಟೆ ಹಾರಿಹೋಯಿತು. ಎರಡನೇ ಬೀಸಿಗೆ ಬೂದಿಯೆಲ್ಲ ಎದ್ದು ಅವಳ ಮುಖಕ್ಕೆ ಹೊಡೆಯಿತು. ಕಣ್ಣುಮುಚ್ಚಿ ನಿಂತಳು. ಮುಗಿಯಿತು ಅಂದುಕೊಂಡಳು. ಮರೆವು ಬರುವುದನ್ನೇ ಕಾಯುತ್ತ ನಿಂತಳು. ಬರಲಿಲ್ಲ. ಕಣ್ಣು ಬಿಟ್ಟರೆ ಬೂದಿಯಷ್ಟೇ ಹೋಗಿತ್ತು, ಕೆಂಡ ಅಲ್ಲೇ ಇತ್ತು. ಗಾಳಿ ಬೀಸಿದಷ್ಟೂ ಅದು ಕೆಂಪಾಗುತ್ತಿತ್ತು. ಯಾವ ಭಾನುವಾರವೂ, ಎಷ್ಟು ಊದಿದರೂ, ಅದು ಅಷ್ಟು ಕೆಂಪಾದದ್ದಿಲ್ಲ.

ಬೀದಿಯಲ್ಲಿ ನಡೆದಳು. ಎದುರಿಗೆ ಬಂದ ಎಣ್ಣೆಯವನ ಮುಖಕ್ಕೆ ಬೆಳಕು ತಾಗಿತು. ಅವನು ನಿಂತು, "ಕದದವ್ವಾ?" ಅಂದ, ನಿದ್ದೆಯಿಂದ ಎದ್ದವನ ದನಿಯಲ್ಲಿ. ಅವಳು ದಾಟಿಹೋದ ಮೇಲೆ ಅವನ ಮುಖ ಮತ್ತೆ ಮಂಕಾಯಿತು. ಆಗ ಅವಳು ನೆಲ ನೋಡಿದಳು. ಕೆಂಡದ ಬೆಳಕಲ್ಲಿ ಧೂಳಿನ ಮೇಲೆ ಹೆಜ್ಜೆಗಳು ಕಂಡವು. ಊರಲ್ಲಿ ಹೊರಗೆ ಎಲ್ಲರೂ ಚಪ್ಪಲಿ ಮೆಟ್ಟುತ್ತಾರೆ, ಇವು ಬರಿಗಾಲಿನವು. ಪ್ರತಿ ಹೆಜ್ಜೆಗುರುತಿನ ಮಧ್ಯದಲ್ಲಿ, ಬೆರಳು ತೂರುವಷ್ಟು ಜಾಗದಲ್ಲಿ, ಮಣ್ಣು ಒತ್ತಿರಲಿಲ್ಲ. ಆ ಜಾಗ ಅವಳಿಗೆ ಗೊತ್ತಿತ್ತು. ದಿನಾ ಬಟ್ಟೆಯ ತುದಿ ಹೊಸೆದು ಒರೆಸಿದ ಜಾಗ.

ಹೆಜ್ಜೆಗಳು ಪ್ರತಿಯೊಂದು ಮನೆಯ ಮುಂದೂ ಇದ್ದವು. ಬಾಗಿಲವರೆಗೆ ಹೋಗಿ, ಅಲ್ಲಿ ಬಹಳ ಹೊತ್ತು ನಿಂತು, ಹಿಂದಿರುಗಿದ್ದವು. ಒಂದರ ಮೇಲೊಂದು, ಹಳೆಯದರ ಮೇಲೆ ಹೊಸದು. ಕೊನೆಯ ಮನೆಯ ಬಾಗಿಲನ್ನು ನೇಕಾರ ಓಡಿಬಂದ ಅವಸರದಲ್ಲಿ ತೆರೆದೇ ಬಿಟ್ಟಿದ್ದ. ಅಲ್ಲಿ ಹೆಜ್ಜೆಗಳು ಒಳಗೆ ಹೋಗಿದ್ದವು. ಹೊರಗೆ ಬಂದ ಗುರುತಿರಲಿಲ್ಲ.

ಕದದವ್ವ ಒಳಗೆ ಹೋದಳು. ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು, ನೇಕಾರ ದೂರದಲ್ಲಿ ಕೈ ಕಟ್ಟಿ ಕೂತಿದ್ದ. ಬೇರೆ ಯಾರೂ ಕಾಣಲಿಲ್ಲ. ಆದರೆ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ ಅನ್ನುವುದು ಅವಳಿಗೂ ನೇಕಾರನಿಗೂ ಗೊತ್ತಿತ್ತು. ಅವಳು ಕುಡಿಕೆಯನ್ನು ಮಗಳ ಮುಖದ ಹತ್ತಿರ ಹಿಡಿದು ಮೆಲ್ಲಗೆ ಊದಿದಳು.

ಮಗಳು ತಿರುಗಿದಳು. "ಅವ್ವಾ," ಅಂದಳು. "ಭಾನುವಾರ ಬಂತಾ?"

"ಬಂತು ಕಣವ್ವ," ಅಂದಳು ಕದದವ್ವ.

ಆ ಮನೆಯ ಒಲೆ ಕಟ್ಟಿದಾಗಿನಿಂದ ಬೆಂಕಿ ಕಂಡಿರಲಿಲ್ಲ. ನೇಕಾರ ಮುರಿದ ಮಗ್ಗದ ಮರ ತಂದು ಒಟ್ಟಿದ. ಕದದವ್ವ ಕೆಂಡದ ಒಂದು ಚೂರು ಮುರಿದು ಒಲೆಗಿಟ್ಟಳು. ಚೂರು ಉರಿಯಾಯಿತು, ಉಳಿದದ್ದು ಉಳಿದಷ್ಟೇ ಇತ್ತು. ನೀರು ಕಾಯಿತು. ಸಂಜೆಗೆ ಮುಂಚೆ ಮಗು ಹುಟ್ಟಿತು, ಹೆಣ್ಣು. ಅಳಲಿಲ್ಲ. ಕಣ್ಣು ಬಿಟ್ಟುಕೊಂಡು ತಣ್ಣಗೆ ಸೂರು ನೋಡುತ್ತಿತ್ತು. ಹಿಂದಿನದ್ದೂ ಹೀಗೇ ನೋಡಿತ್ತು. ಕದದವ್ವ ಬೆಂಕಿಗೆ ಅಂಗೈ ಕಾಯಿಸಿ ಮಗುವಿನ ಎದೆಯ ಮೇಲೆ ಇಟ್ಟಳು, ಮತ್ತೆ ಕಾಯಿಸಿದಳು, ಮತ್ತೆ ಇಟ್ಟಳು. "ಅಳವ್ವ," ಅಂದಳು. "ಯಾರೂ ಬೈಯಲ್ಲ, ಅಳು."

ಮಗು ಅತ್ತಿತು. ಬುಧವಾರದ ದಿನ, ಊರಿಗೆಲ್ಲ ಕೇಳುವ ಹಾಗೆ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಪಕ್ಕದ ಮನೆಯವಳು ನಿಂತಿದ್ದಳು. ಕೈಯಲ್ಲಿ ಒಂದು ತೆಂಗಿನ ಚಿಪ್ಪು. ಅದನ್ನು ಯಾಕೆ ತಂದೆ ಅನ್ನುವುದು ಅವಳಿಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ, ಅವಳ ಅಜ್ಜಿಯ ಅಜ್ಜಿ ಎಂದೋ ಹಾಗೆ ಹಿಡಿದುಕೊಂಡು ನಿಂತಿದ್ದಿರಬೇಕು. ಬಹಳ ಕಷ್ಟಪಟ್ಟು ಮಾತು ಹುಡುಕಿ, "ಒಂಚೂರು ಕೆಂಡ ಕೊಡ್ತೀರಾ?" ಅಂದಳು. ಕದದವ್ವ ಒಲೆಯಿಂದ ತೆಗೆದು ಕೊಟ್ಟಳು. ಅವಳ ಹಿಂದೆ ಇನ್ನೊಬ್ಬಳಿದ್ದಳು. ಶನಿವಾರದ ಹೊತ್ತಿಗೆ ಆ ಸಾಲಿನ ಮನೆಗಳ ಸೂರಿನಿಂದ ಹೊಗೆ ಏಳುತ್ತಿತ್ತು. ಆ ಮನೆಗಳವರು ಬೀದಿಯಲ್ಲಿ ಬಿದ್ದಿದ್ದ ಒಬ್ಬ ಮುದುಕನನ್ನು ಎತ್ತಿ ಕೂರಿಸಿ, 'ನಮ್ಮ ಅಪ್ಪ ಇದು' ಅಂತ ಅಳುತ್ತಿದ್ದರು.

ಭಾನುವಾರ ಗಂಟೆ ಬಾರಿಸಿತು. ಉಳಿದ ಊರೆಲ್ಲ ಒಳಗೆ ಹೋಯಿತು. ಕದದವ್ವ, ಮಗಳು, ಮಗು, ನೇಕಾರ, ಆ ಸಾಲಿನವರು ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿಗಳ ಮಧ್ಯೆ ಕೂತರು. ಮುಚ್ಚಿದ ಬಾಗಿಲು ಇವರಿಗೆ ತೆರೆಯಲಿಲ್ಲ. ಒಳಗಿಂದ ಹಾಡು ಕೇಳುತ್ತಿತ್ತು, ಇವರೂ ಹೊರಗೆ ಅದೇ ಹಾಡನ್ನು ಹಾಡಿದರು. ಒಳಗಿನ ಹಾಡು ನಡುವೆಯೇ ನಿಂತಿತು. ಬಾಗಿಲು ತೆರೆಯಿತು.

ಹೊಸ್ತಿಲ ಒಳಗೆ ಪಾದ್ರಿ ಸ್ವಾಮಿಗಳು ನಿಂತಿದ್ದರು, ಅವರ ಹಿಂದೆ ಜನ. ಸ್ವಾಮಿಗಳ ಕೈಯಲ್ಲಿ ಅವರ ಕುಡಿಕೆ. ಅದನ್ನು ಬಗ್ಗಿಸಿ ತೋರಿಸಿದರು. ಬರೀ ಬೂದಿ.

"ಆರಿ ಎಷ್ಟು ಕಾಲ ಆಯ್ತೋ ಗೊತ್ತಿಲ್ಲಮ್ಮ," ಅಂದರು. "ಪ್ರತಿ ಭಾನುವಾರ ಊದಿದ ಹಾಗೆ ಮಾಡ್ತಿದ್ದೆ. ನಿಮ್ಮ ಹೆಸರೆಲ್ಲ ಬಾಯಿಪಾಠ ಮಾಡಿ ಹೇಳ್ತಿದ್ದೆ. ಮುಖ ಒಂದೂ ಗುರುತಿಲ್ಲ ನನಗೆ. ನಿನ್ನದೂ ಇಲ್ಲ." ಅವರಿಗೆ ಅಳು ಬಂದಿತ್ತು.

ಕದದವ್ವ ತನ್ನ ಕುಡಿಕೆಯಿಂದ ಒಂದು ಚೂರು ಮುರಿದು, ಹೊಸ್ತಿಲ ಮೇಲಿಂದ ಕೈ ಚಾಚಿ, ಅವರ ಬೂದಿಯ ಮೇಲಿಟ್ಟಳು. ಅದು ಅಲ್ಲಿ ಕಪ್ಪಗೆ ಕೂತಿತು, ಬದುಕಿದೆಯೋ ಇಲ್ಲವೋ ತಿಳಿಯದ ಹಾಗೆ. ಸ್ವಾಮಿಗಳು ಅದನ್ನೇ ನೋಡಿದರು. ಆಮೇಲೆ ಬೀದಿಯ ಕಡೆ ನೋಡಿದರು.

"ಹೊರಗೆ ಗಾಳಿ ಇದೆಯೇನಮ್ಮ?"

"ಇದೆ, ಸ್ವಾಮಿ," ಅಂದಳು ಕದದವ್ವ. "ಅದಕ್ಕೇ ಬನ್ನಿ."

ಅವರು ಬರಿಗಾಲಲ್ಲಿ ಹೊಸ್ತಿಲು ದಾಟಿದರು.

ಮರುದಿನ ಬೆಳಿಗ್ಗೆ ಕದದವ್ವ ಅಭ್ಯಾಸಬಲದಿಂದ ಒದ್ದೆ ಬಟ್ಟೆ ಹಿಡಿದು ಒಳಗೆ ಬಂದಳು. ಉತ್ತರದ ಗೋಡೆಯ ಗೂಡುಗಳು ಖಾಲಿಯಿದ್ದವು. ಯೇಸುಸ್ವಾಮಿಯ ಪಾದಗಳಿಗೆ ಕಣಕಾಲವರೆಗೂ ಕೆಂಪು ಧೂಳು ಮೆತ್ತಿತ್ತು. ಅವಳು ಒರೆಸಲಿಲ್ಲ. ಬಟ್ಟೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು, ಬಾಗಿಲು ತೆರೆದೇ ಬಿಟ್ಟು, ಮಗಳ ಮನೆ ಕಡೆ ನಡೆದಳು.